ಮಂಗಳೂರಿಗೆ ಬರುವ ಮುನ್ನ: ಗುಡ್ಡ, ಮಳೆ ಮತ್ತು ಕಡಲಿನ ಲೆಕ್ಕ

ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಎಷ್ಟು ದೂರ ಎಂದು ಮೊಬೈಲಿನ ಮ್ಯಾಪ್ ಕೇಳಿದರೆ ಹತ್ತು ನಿಮಿಷದ ನಡಿಗೆ ಎನ್ನುತ್ತದೆ. ನನ್ನ ಭಾವ ಹುಬ್ಬಳ್ಳಿಯವರು, ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡೆಯುವವರು. ಮೇ ತಿಂಗಳ ಒಂದು ಮಧ್ಯಾಹ್ನ ಆ ಹತ್ತು ನಿಮಿಷವನ್ನು ನಂಬಿ ಹೊರಟರು. ಅರ್ಧ ಏರು ಹತ್ತುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಕನ್ನಡಕ ಮೂಗಿನಿಂದ ಜಾರುತ್ತಿತ್ತು. ಒಂದು ಅಂಗಡಿಯ ನೆರಳಿನಲ್ಲಿ ಕುಳಿತು, "ತಮ್ಮಾ, ನಮ್ಮ ಕಡೆ ಇದಕ್ಕಿಂತ ಜಾಸ್ತಿ ಬಿಸಲ ಇರ್ತದ. ಆದ್ರ ಹಿಂಗ ಆಗಂಗಿಲ್ಲಲ್ಲ?" ಎಂದು ಕೇಳಿದರು.

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಈ ಊರಿಗೆ ಬರುವವರಿಗೆ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿನ ನೆಲ, ನೀರು ಮತ್ತು ಗಾಳಿಯಿಂದ ಹುಟ್ಟಿದವು. ಅವು ಯಾಕೆ ಹಾಗೆ ಎಂದು ಒಮ್ಮೆ ಗೊತ್ತಾದರೆ ಎಲ್ಲಿ, ಯಾವಾಗ ಎದುರಾಗುತ್ತವೆ ಎಂದು ಮೊದಲೇ ಊಹಿಸಬಹುದು. ಇಲ್ಲಿಗೆ ಬರುವವರೆಲ್ಲ ಪ್ರವಾಸಿಗಳಲ್ಲ ಎಂಬುದೂ ನೆನಪಿರಲಿ. ಮಗಳನ್ನು ಕಾಲೇಜಿಗೆ ಸೇರಿಸಲು ಬಂದವರಿದ್ದಾರೆ, ಆಸ್ಪತ್ರೆಯಲ್ಲಿ ಮಲಗಿದ ಅಣ್ಣನಿಗೆ ಊಟ ಕೊಡಲು ಬಂದವರಿದ್ದಾರೆ. ಅವರಿಗೆ ಹವಾಮಾನ ನೋಡಿ ತಿಂಗಳು ಆರಿಸುವ ಅವಕಾಶ ಇರುವುದಿಲ್ಲ. ಕಾಲೇಜುಗಳು ತೆರೆಯುವ ಹೊತ್ತೂ ಮಳೆ ಹಿಡಿಯುವ ಹೊತ್ತೂ ಹೆಚ್ಚುಕಡಿಮೆ ಒಂದೇ. ನಾನಿದನ್ನು ಬರೆಯುತ್ತಿರುವುದು ಮುಖ್ಯವಾಗಿ ಅಂಥವರಿಗಾಗಿ.

ಭಾವನ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬಿಸಿಲು ಬೇರೆ, ಸೆಖೆ ಬೇರೆ. ಘಟ್ಟದ ಮೇಲಿನ ಒಣ ಗಾಳಿಯಲ್ಲಿ ಮೈ ಬೆವರಿದ ಕೂಡಲೇ ಬೆವರು ಆರುತ್ತದೆ, ಆರುವಾಗ ಮೈಯ ಕಾವನ್ನು ಹೊತ್ತೊಯ್ಯುತ್ತದೆ. ಬೆವರಿನ ಕೆಲಸವೇ ಅದು. ಮಂಗಳೂರಿನ ಗಾಳಿಯಲ್ಲಿ ಆಗಲೇ ನೀರಾವಿ ತುಂಬಿರುವುದರಿಂದ ಬೆವರು ಆರಲು ಜಾಗವೇ ಇರುವುದಿಲ್ಲ. ಅದು ಮೈಮೇಲೆ ಹರಿಯುತ್ತದೆ, ಬಟ್ಟೆ ನೆನೆಸುತ್ತದೆ, ಆದರೆ ಮೈ ತಣಿಸುವುದಿಲ್ಲ. ದೇಹ ಇನ್ನಷ್ಟು ಬೆವರು ಸುರಿಸುತ್ತದೆ. ನೀರಿನ ಜೊತೆ ಉಪ್ಪೂ ಹೋಗುತ್ತದೆ. ಹಾಗಾಗಿ ಇಲ್ಲಿನ 34 ಡಿಗ್ರಿ ಹುಬ್ಬಳ್ಳಿಯ 38ಕ್ಕಿಂತ ಹೆಚ್ಚು ದಣಿಸಬಹುದು. ಬರೀ ನೀರು ಕುಡಿದರೆ ತಲೆಭಾರ ಹೋಗುವುದಿಲ್ಲ. ಉಪ್ಪು ಹಾಕಿದ ಲಿಂಬೆ ಶರಬತ್ತೋ ಎಳನೀರೋ ಬೇಕು (ಇಲ್ಲಿ ಎಳನೀರಿಗೆ ಬೊಂಡ ಎನ್ನುತ್ತಾರೆ), ಜೊತೆಗೆ ತೆಳು ಹತ್ತಿ ಬಟ್ಟೆ. ಮಾರ್ಚ್‌ನಿಂದ ಮೇ ವರೆಗೆ ಬರುವ ಹಿರಿಯರು ಹೊರಗಿನ ಕೆಲಸವನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಿಕೊಳ್ಳುವುದು ಒಳ್ಳೆಯದು. ಲಾಡ್ಜಿನಲ್ಲಿ ಎಸಿ ಇಲ್ಲದ ಕೋಣೆ ತೆಗೆದುಕೊಳ್ಳುವುದಾದರೆ ಎದುರುಬದುರು ಕಿಟಕಿ ಇದೆಯೇ ಎಂದು ನೋಡಿ. ಇಲ್ಲಿ ರಾತ್ರಿಯೂ ಮೈಗೆ ವಿಶ್ರಾಂತಿ ಸಿಗದಿರುವುದೇ ಹೆಚ್ಚು ಹೈರಾಣು ಮಾಡುತ್ತದೆ.

ಇನ್ನು ನೆಲದ ಕಥೆ. ಮಂಗಳೂರು ಎರಡು ಹೊಳೆಗಳ ನಡುವೆ ಕೂತ ಊರು. ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಗುರುಪುರ ಹೊಳೆ, ಅಂದರೆ ಫಲ್ಗುಣಿ. ಎರಡೂ ಹಳೆ ಬಂದರಿನ ಹತ್ತಿರ ಕೂಡಿ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ನಡುವಿನ ನೆಲವೆಲ್ಲ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಗುಡ್ಡ. ಗುಡ್ಡದ ನೆತ್ತಿ ಚಪ್ಪಟೆ, ಪಕ್ಕ ಕಡಿದು, ಕೆಳಗೆ ಗದ್ದೆ. ಊರಿನ ಜಾಗಗಳ ಹೆಸರೇ ಇದನ್ನು ಹೇಳುತ್ತದೆ. ಪದವು ಎಂದರೆ ಗುಡ್ಡದ ಮೇಲಿನ ಬಯಲು, ಬೈಲು ಎಂದರೆ ಗುಡ್ಡಗಳ ನಡುವಿನ ತಗ್ಗಿನ ಗದ್ದೆ, ಗುಡ್ಡೆ ಎಂದರೆ ಹೇಳಬೇಕಾಗಿಯೇ ಇಲ್ಲ. ಪದವಿನಂಗಡಿಗೆ ಹೋಗಬೇಕೆಂದರೆ ಏರಬೇಕು. ಹೆಸರಿನ ಕೊನೆಗೆ ಬೈಲು ಬಂದರೆ ಅಲ್ಲಿಗೆ ನೀರೂ ಬರುತ್ತದೆ. ಕೋಣೆ ಬುಕ್ ಮಾಡುವಾಗ ಮ್ಯಾಪಿನಲ್ಲಿ ದೂರ ನೋಡುವ ಬದಲು, ಜಾಗ ಮೇಲಿದೆಯೋ ಕೆಳಗಿದೆಯೋ ಎಂದು ಫೋನ್ ಮಾಡಿ ಕೇಳಿ. ಮಂಡಿನೋವಿನ ಅಮ್ಮನನ್ನು ಕರೆತರುವವರಿಗೆ ಅದೊಂದು ಪ್ರಶ್ನೆ ಇಡೀ ದಿನದ ಕಷ್ಟ ಉಳಿಸುತ್ತದೆ. ಪಕ್ಕದ ರಸ್ತೆಯಲ್ಲಿರುವ ಆಸ್ಪತ್ರೆ ಮೂರು ಮಹಡಿಯಷ್ಟು ಕೆಳಗಿರುವುದು ಇಲ್ಲಿ ಮಾಮೂಲು.

ಈ ನೆಲದ ಮೇಲೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೆಂಗಳೂರಿಗೆ ಬೀಳುವುದರ ಮೂರು ಪಟ್ಟಿಗಿಂತ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದು ಮುಗಿಯುತ್ತದೆ. ಹಿಂದೆ ಗುಡ್ಡದ ನೀರು ಬೈಲಿಗಿಳಿದು, ಗದ್ದೆಯಲ್ಲಿ ನಿಂತು, ತೋಡಿನ (ಸಣ್ಣ ಹಳ್ಳದ) ಮೂಲಕ ನಿಧಾನವಾಗಿ ಹೊಳೆಗೆ ಹೋಗುತ್ತಿತ್ತು. ಈಗ ಗುಡ್ಡದ ನೆತ್ತಿ ಕಾಂಕ್ರೀಟು, ಬೈಲು ಮಣ್ಣು ತುಂಬಿದ ಸೈಟು. ನೀರು ಅರ್ಧ ಗಂಟೆಯಲ್ಲಿ ಕೆಳಗಿಳಿಯುತ್ತದೆ, ನಿಲ್ಲಲು ಗದ್ದೆ ಇಲ್ಲ, ಹೋಗಲು ಇರುವುದು ಅದೇ ಹಳೆಯ ತೋಡು. ಆ ಹೊತ್ತಿಗೆ ಕಡಲಿನಲ್ಲಿ ಭರತ, ಅಂದರೆ ಉಬ್ಬರ ಇದ್ದರೆ ಹೊಳೆಯೇ ತುಂಬಿ ನಿಂತಿರುತ್ತದೆ, ತೋಡಿನ ನೀರು ಹಿಂದಕ್ಕೆ ಒತ್ತುತ್ತದೆ. ಕೊಟ್ಟಾರ ಚೌಕಿ, ಪಂಪ್‌ವೆಲ್, ಪಡೀಲ್‌ನ ರೈಲ್ವೆ ಅಂಡರ್‌ಪಾಸ್‌ಗಳಲ್ಲಿ ಮತ್ತೆಮತ್ತೆ ನೀರು ನಿಲ್ಲುವುದು ಇದೇ ಕಾರಣಕ್ಕೆ. 2018ರ ಮೇ 29ರಂದು, ಮಳೆಗಾಲ ಇನ್ನೂ ಸರಿಯಾಗಿ ಕಾಲಿಡುವ ಮೊದಲೇ, ಊರಿನ ತಗ್ಗು ಪ್ರದೇಶಗಳೆಲ್ಲ ಒಂದೇ ದಿನದ ಮಳೆಗೆ ಮುಳುಗಿದ್ದವು. ಶಾಲಾ ಮಕ್ಕಳನ್ನು ದೋಣಿಯಲ್ಲಿ ಕರೆತಂದದ್ದನ್ನು ಇಲ್ಲಿಯವರು ಮರೆತಿಲ್ಲ.

ಮಳೆ ಒಂದೇ ಸಮನೆ ಸುರಿಯುವುದು ಅಪರೂಪ. ಒಂದು ಗಂಟೆ ಜಡಿದು, ಮುಕ್ಕಾಲು ಗಂಟೆ ಬಿಡುತ್ತದೆ. ಹೊರಗಿನಿಂದ ಬಂದವರು ಬಿಟ್ಟದ್ದು ನೋಡಿ ಹೊರಡುತ್ತಾರೆ, ತಗ್ಗಿಗೆ ತಲುಪುವಾಗ ಮೇಲಿನ ನೀರೆಲ್ಲ ಅಲ್ಲಿ ಸೇರಿರುತ್ತದೆ. ನೀರು ನಿಂತ ರಸ್ತೆಯಲ್ಲಿ ಅಂಚು ಹಿಡಿದು ನಡೆಯಬೇಡಿ. ಅಂಚಿನಲ್ಲಿ ಚರಂಡಿ ಇರುತ್ತದೆ, ಅದರ ಮೇಲಿನ ಚಪ್ಪಡಿ ಇದೆಯೋ ಇಲ್ಲವೋ ಕೆಂಪು ನೀರಿನಡಿ ಕಾಣುವುದಿಲ್ಲ. ಊರಿನವರು ರಸ್ತೆಯ ನಡುವೆ ನಡೆಯುವುದು ಕಂಡು ಬೈದುಕೊಳ್ಳಬೇಡಿ, ಅವರ ಹಿಂದೆಯೇ ಹೋಗಿ. ಕಾಲಿನಲ್ಲಿ ಗಾಯ ಇದ್ದರೆ ಆ ನೀರಿಗೆ ಇಳಿಯದಿರುವುದೇ ಮೇಲು. ಇಲಿ ಜ್ವರ ಬರುವುದು ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿದಾಗ.

ದರೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಘಟ್ಟದ ಮೇಲಿನಿಂದ ಬಂದವರಿಗೆ ಇದು ಅಪಾಯ ಎಂದೇ ಅನಿಸುವುದಿಲ್ಲ. ಗುಡ್ಡವನ್ನು ನೆಟ್ಟಗೆ ಕಡಿದಾಗ ನಿಲ್ಲುವ ಮಣ್ಣಿನ ಗೋಡೆಗೆ ಇಲ್ಲಿ ದರೆ ಎನ್ನುತ್ತಾರೆ. ಮೇಲೆ ಕೆಲವು ಅಡಿ ಗಟ್ಟಿ ಮುರಕಲ್ಲು, ಅದರ ಕೆಳಗೆ ಮೆದುವಾದ ಜೇಡಿಮಣ್ಣು. ಬೇಸಿಗೆಯಲ್ಲಿ ನೋಡಿದರೆ ಕೋಟೆಯ ಗೋಡೆಯ ಹಾಗಿರುತ್ತದೆ. ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು ಜೇಡಿಯಲ್ಲಿ ಸೇರುತ್ತದೆ, ಜೇಡಿ ಉಬ್ಬಿ ಜಾರುತ್ತದೆ, ಮೇಲಿನ ಕಲ್ಲು ಇಡಿಯಾಗಿ ಕೂತುಬಿಡುತ್ತದೆ. ಮೊದಲ ಮಳೆಗೆ ಏನೂ ಆಗದೆ, ನಾಲ್ಕೈದು ದಿನ ಬಿಡದೆ ಸುರಿದ ಮೇಲೆ ಒಂದು ಬೆಳಗಿನ ಜಾವ ಕುಸಿಯುವುದೇ ಹೆಚ್ಚು. ಮೂಡುಬಿದಿರೆ ಕಡೆ ಹೋಗುವ ಹೆದ್ದಾರಿಯಲ್ಲಿ ಕೆತ್ತಿಕಲ್ ಎಂಬ ಜಾಗದ ಹೆಸರು ಮಳೆಗಾಲದ ಸುದ್ದಿಯಲ್ಲಿ ಕೇಳುವುದು ಇದಕ್ಕೇ. ಪ್ರವಾಸಿ ಮಾಡಬೇಕಾದದ್ದು ಇಷ್ಟು: ಮಳೆಗಾಲದಲ್ಲಿ ದರೆಯ ಬುಡದಲ್ಲಿ ಕಾರು ನಿಲ್ಲಿಸಬೇಡಿ, ಮಳೆಯಿಂದ ತಪ್ಪಿಸಿಕೊಳ್ಳಲು ಅದರ ಕೆಳಗೆ ನಿಲ್ಲಬೇಡಿ. ಎತ್ತರದ ಕಾಂಪೌಂಡ್ ಗೋಡೆಗೂ ಇದೇ ಮಾತು. ದರೆಯ ಬುಡದಿಂದ ಕೆಸರು ನೀರು ಒಸರುತ್ತಿದ್ದರೆ, ಅದರ ಮೇಲಿನ ತೆಂಗಿನ ಮರ ವಾಲಿದ್ದರೆ, ಕೂಡಲೇ ಅಲ್ಲಿಂದ ದೂರ ಸರಿಯಿರಿ, ಅಕ್ಕಪಕ್ಕದ ಮನೆಯವರಿಗೂ ಹೇಳಿ.

ಮುರಕಲ್ಲಿನ ಇನ್ನೊಂದು ಗುಣ ಪಾಚಿ. ಜೂನ್ ಕಳೆಯುವಷ್ಟರಲ್ಲಿ ಪ್ರತಿಯೊಂದು ಮೆಟ್ಟಿಲು, ಅಂಗಳ, ಗೋಡೆ ಹಸಿರಾಗುತ್ತದೆ, ನೋಡಲು ಬಹಳ ಚಂದ. ಕದ್ರಿ ದೇವಸ್ಥಾನದ ಹಿಂದೆ ಜೋಗಿಮಠದ ಕಡೆ ಹತ್ತುವ ಮೆಟ್ಟಿಲುಗಳಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ. ಹತ್ತುವಾಗ ಯಾರೂ ಬೀಳುವುದಿಲ್ಲ. ಇಳಿಯುವಾಗ ಹಿಮ್ಮಡಿ ಮೊದಲು ಊರುತ್ತದೆ, ಮೆಟ್ಟಿಲಿನ ಅಂಚು ಸವೆದು ಹೊರಕ್ಕೆ ಇಳಿಜಾರಾಗಿರುತ್ತದೆ, ಅಲ್ಲೇ ಪಾಚಿಯೂ ದಪ್ಪ. ತಳ ಸವೆದ ಚರ್ಮದ ಚಪ್ಪಲಿಯ ಹಿಮ್ಮಡಿ ಸೋಪಿನ ಮೇಲಿಟ್ಟಂತೆ ಜಾರುತ್ತದೆ. ನಡುವಯಸ್ಸಿನ ಮಹಿಳೆಯೊಬ್ಬರು ಹೀಗೆ ಜಾರಿ, ಊರಿದ ಕೈಯ ಮಣಿಕಟ್ಟು ಮುರಿದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಪಾದವನ್ನು ಸ್ವಲ್ಪ ಓರೆಯಾಗಿಟ್ಟು, ಅಂಚು ಬಿಟ್ಟು ಒಳಭಾಗಕ್ಕೆ ಪೂರ್ತಿ ಅಂಗಾಲು ಊರಿ ಇಳಿಯಿರಿ. ತಳದಲ್ಲಿ ಗೀರುಗಳಿರುವ ರಬ್ಬರ್ ಚಪ್ಪಲಿ ಮಳೆಗಾಲಕ್ಕೆ ಸಾಕು. ಶೂ ತಂದರೆ ಒಂದು ವಾರ ಒಣಗುವುದಿಲ್ಲ, ಚರ್ಮದ್ದಾದರೆ ಬೂಷ್ಟು ಹಿಡಿಯುತ್ತದೆ. ಜೀನ್ಸ್ ಪ್ಯಾಂಟಿಗೂ ಅದೇ ಗತಿ.

ಮಳೆಗಾಲದ ಎರಡು ತುದಿಗಳಲ್ಲಿ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಸಂಜೆಗಳಲ್ಲಿ, ಸಿಡಿಲು ಜೋರು. ಬಯಲಾದ ಪದವಿನ ಮೇಲೆ ನಿಂತು ಮೋಡದ ಫೋಟೊ ತೆಗೆಯುವ ಆಸೆ ಎಲ್ಲರಿಗೂ ಆಗುತ್ತದೆ. ಗುಡುಗು ಕೇಳಿಸಿದರೆ ಸಾಕು, ತೆಂಗಿನ ಮರದ ಬುಡಕ್ಕೆ ಹೋಗದೆ ಕಟ್ಟಡದೊಳಕ್ಕೋ ಕಾರಿನೊಳಕ್ಕೋ ಸೇರಿಕೊಳ್ಳಿ.

ಈಗ ಕಡಲು. ಇಷ್ಟು ಹೊತ್ತು ಹೇಳಿದ್ದೆಲ್ಲ ಕೈಕಾಲಿನ ಪೆಟ್ಟು, ಖರ್ಚು, ದಣಿವಿನ ಮಾತು. ಕಡಲಿನ ವಿಷಯದಲ್ಲಿ ತಪ್ಪಿದರೆ ಜೀವವೇ ಹೋಗುತ್ತದೆ. ಪ್ರತಿ ವರ್ಷ ಈ ಕರಾವಳಿಯಲ್ಲಿ ಮುಳುಗುವವರಲ್ಲಿ ಬಹಳಷ್ಟು ಮಂದಿ ಬೇರೆ ಊರಿನಿಂದ ಗುಂಪಾಗಿ ಬಂದ ಯುವಕರು. ಈಜು ಬಾರದವರಷ್ಟೇ ಅಲ್ಲ, ಊರಿನ ಕೆರೆಯಲ್ಲೋ ಬಾವಿಯಲ್ಲೋ ಚೆನ್ನಾಗಿ ಈಜಿ ಬೆಳೆದವರೂ ಅವರಲ್ಲಿ ಇರುತ್ತಾರೆ. ಇದು ಹೇಗಾಗುತ್ತದೆ ಎಂದು ಅರ್ಥ ಮಾಡಿಕೊಳ್ಳಲೇಬೇಕು.

ಅಲೆಗಳು ಒಂದರ ಹಿಂದೆ ಒಂದು ದಡಕ್ಕೆ ನೀರು ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ವಾಪಸು ಹೋಗಲೇಬೇಕು. ದಡದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಮರಳಿನ ದಿಬ್ಬ ಇರುತ್ತದೆ. ಅಲೆಗಳು ಮುರಿದು ನೊರೆಯಾಗುವುದು ಅದರ ಮೇಲೆ. ದಿಬ್ಬದಲ್ಲಿ ಎಲ್ಲಾದರೂ ಒಂದು ತಗ್ಗು ಸಿಕ್ಕರೆ ಅಕ್ಕಪಕ್ಕದ ನೀರೆಲ್ಲ ಅಲ್ಲಿಗೆ ಹರಿದು ಬಂದು, ಆ ಸಂದಿನಿಂದ ಕಡಲಿಗೆ ನುಗ್ಗುತ್ತದೆ. ಗದ್ದೆಯ ಹುಣಿ (ಬದು) ಒಡೆದಲ್ಲಿ ಇಡೀ ಗದ್ದೆಯ ನೀರು ಹೇಗೆ ಓಡುತ್ತದೋ ಹಾಗೆ. ಇದೇ ಸೆಳೆತ. ಬಲವಾದ ಸೆಳೆತ ಸೆಕೆಂಡಿಗೆ 2 ಮೀಟರ್ ವೇಗದವರೆಗೂ ಹೋಗಬಲ್ಲದು. ಎದುರು ಈಜಿ ಗೆಲ್ಲುವುದು ಒಲಿಂಪಿಕ್ಸ್ ಈಜುಗಾರನಿಗೂ ಸಾಧ್ಯವಿಲ್ಲ.

ಕಣ್ಣಿಗೆ ಮೋಸವಾಗುವುದು ಇಲ್ಲಿಯೇ. ಸಂದಿನಲ್ಲಿ ನೀರು ಆಳವಾಗಿರುವುದರಿಂದ ಅಲ್ಲಿ ಅಲೆ ಮುರಿಯುವುದಿಲ್ಲ. ಎರಡೂ ಬದಿಯಲ್ಲಿ ಬಿಳಿ ನೊರೆ ಹಾರುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಮಗುವಿನ ಕೈ ಹಿಡಿದು ಬಂದ ತಂದೆ, ಅಲೆ ಇಲ್ಲದ ಜಾಗ ಹುಡುಕಿ, ಸರಿಯಾಗಿ ಅಲ್ಲಿಗೇ ಇಳಿಯುತ್ತಾನೆ. ಪಣಂಬೂರಿನಲ್ಲಿ ಒಮ್ಮೆ ಹೀಗೆ ಇಳಿಯುತ್ತಿದ್ದ ಕುಟುಂಬವನ್ನು ಜೀವರಕ್ಷಕರೊಬ್ಬರು ಸೀಟಿ ಊದಿ ಕರೆದರು. ಆ ತಂದೆಗೆ ಸಿಟ್ಟು ಬಂತು: "ಅಲ್ಲಿ ಅಲೆ ಇದೆ, ಅಲ್ಲಿ ಬಿಡ್ತೀರಿ. ಇಲ್ಲಿ ಅಲೆಯೇ ಇಲ್ಲ, ಇಲ್ಲಿ ಬೇಡ ಅಂತೀರಿ." ಜೀವರಕ್ಷಕರು ಮಾತಾಡದೆ ಒಂದು ಒಣ ತೆಂಗಿನ ಸಿಪ್ಪೆ ಎತ್ತಿ ಆ ಶಾಂತ ನೀರಿಗೆ ಎಸೆದರು. ನಾವೆಲ್ಲ ನೋಡುತ್ತಿದ್ದೆವು. ಅದು ದಡದ ಕಡೆ ಬರುವ ಬದಲು ನೇರ ಹೊರಗೆ ಹೊರಟಿತು, ನಾವು ಇಪ್ಪತ್ತು ಎಣಿಸುವಷ್ಟರಲ್ಲಿ ನೊರೆಯ ಸಾಲು ದಾಟಿತ್ತು. ಆ ತಂದೆ ಮಗುವನ್ನು ಎತ್ತಿಕೊಂಡು ಮೇಲೆ ಬಂದರು.

ಒಂದು ವೇಳೆ ಸಿಕ್ಕಿಹಾಕಿಕೊಂಡರೆ, ದಡದ ಕಡೆ ಈಜಬೇಡಿ. ಜನ ಸಾಯುವುದು ಸೆಳೆತ ಒಳಗೆ ಎಳೆಯುವುದರಿಂದಲ್ಲ; ಸೆಳೆತ ಹೊರಗೆ ಒಯ್ಯುತ್ತದೆ, ಕೆಳಗೆ ಎಳೆಯುವುದಿಲ್ಲ. ದಡ ನೋಡಿ ಹೆದರಿ ಅದರ ಎದುರು ಈಜಿ ಕೈಸೋತಾಗ ಮುಳುಗುತ್ತಾರೆ. ಮೊದಲು ಮಲಗಿ ತೇಲಿ, ಉಸಿರು ಹಿಡಿತಕ್ಕೆ ತನ್ನಿ, ಒಂದು ಕೈ ಎತ್ತಿ. ಸೆಳೆತದ ಪಟ್ಟಿ ಅಗಲವಿರುವುದಿಲ್ಲ. ದಡಕ್ಕೆ ಸಮಾನಾಂತರವಾಗಿ, ಉತ್ತರಕ್ಕೋ ದಕ್ಷಿಣಕ್ಕೋ ಈಜಿದರೆ ಅದರಿಂದ ಹೊರಬರುತ್ತೀರಿ, ಆಮೇಲೆ ನೊರೆಯ ಅಲೆಗಳೇ ನಿಮ್ಮನ್ನು ದಡಕ್ಕೆ ತಳ್ಳುತ್ತವೆ. ದಡದಲ್ಲಿರುವವರು ಕಾಪಾಡಲು ಹಾರಬೇಡಿ. ಒಬ್ಬನ ಹಿಂದೆ ಇಬ್ಬರು ಹೋಗಿ ಮೂವರೂ ಹೋದ ಸುದ್ದಿ ಇಲ್ಲಿ ಎಷ್ಟೋ ಸಲ ಓದಿದ್ದೇವೆ. ಖಾಲಿ ನೀರಿನ ಕ್ಯಾನು, ಹಗ್ಗ, ಟ್ಯೂಬು, ತೇಲುವ ಏನಾದರೂ ಎಸೆಯಿರಿ, ಮೀನುಗಾರರನ್ನು ಕೂಗಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯುವ ಮಾತೇ ಬೇಡ, ಮೊಣಕಾಲಿನವರೆಗೂ ಬೇಡ. ಮಳೆಗಾಲದ ಅಲೆಗಳು ದಡದ ಮರಳನ್ನು ಕೊರೆದು ಕಡಿದಾದ ಇಳಿಜಾರು ಮಾಡಿರುತ್ತವೆ. ಮೊಣಕಾಲು ಮುಟ್ಟುವ ನೀರಿನಲ್ಲಿ ನಿಂತು ನೋಡಿದವರಿಗೆ ಗೊತ್ತು: ಅಲೆ ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಮರಳು ಮೊದಲು ಹೋಗುತ್ತದೆ, ಹಿಮ್ಮಡಿ ಹೂತು, ಮೈ ಹಿಂದಕ್ಕೆ ವಾಲುತ್ತದೆ. ಅಷ್ಟರಲ್ಲಿ ಎರಡನೆಯ ಅಲೆ ಎದೆಗೆ ಬಂದರೆ ನಿಲ್ಲಲು ನೆಲವಿರುವುದಿಲ್ಲ. ಸೋಮೇಶ್ವರದಲ್ಲಿ ದೇವಸ್ಥಾನದ ಬಳಿಯ ಬಂಡೆಗಳ ಮೇಲೆ ಸೆಲ್ಫಿಗೆ ನಿಲ್ಲುವವರಿಗೂ ಇದನ್ನೇ ಹೇಳುತ್ತೇನೆ. ಹತ್ತು ಸಣ್ಣ ಅಲೆ ಬಂದ ಮೇಲೆ ದೊಡ್ಡದೊಂದು ಬಂದೇ ಬರುತ್ತದೆ. ಬಂಡೆಯ ಮೇಲ್ಭಾಗ ಒದ್ದೆಯಾಗಿದ್ದರೆ, ಅಲ್ಲಿಯವರೆಗೆ ಅಲೆ ಬಂದು ಹೋಗಿದೆ ಎಂದೇ ಅರ್ಥ. ಉಳ್ಳಾಲದ ಕಡೆ ಕಡಲ್ಕೊರೆತ ತಡೆಯಲು ಹಾಕಿದ ಕಲ್ಲುಗಳ ನಡುವೆ ಸಂದುಗಳಿವೆ, ಮಕ್ಕಳನ್ನು ಹತ್ತಿಸಬೇಡಿ. ಕಡಲನ್ನೇ ನಂಬಿ ಬದುಕುವ ಮೊಗವೀರರೂ ಮಳೆಗಾಲದಲ್ಲಿ ಅದರ ಮರ್ಜಿ ಕಾಯುತ್ತಾರೆ, ನೂಲಹುಣ್ಣಿಮೆಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ದಡದಲ್ಲಿ ಕುಳಿತು ಮಳೆಗಾಲದ ಕಡಲು ನೋಡುವುದಕ್ಕಿಂತ ದೊಡ್ಡ ಸುಖ ನನಗೆ ಈ ಊರಿನಲ್ಲಿ ಬೇರೆ ಇಲ್ಲ. ಅಲೆಯ ಗೆರೆಯಿಂದ ಇಪ್ಪತ್ತು ಹೆಜ್ಜೆ ಹಿಂದೆ ಕುಳಿತು ನೋಡಿ.

ಮೀನಿಗಾಗಿ ಬರುವವರಿಗೆ ಒಂದು ಮಾತು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ತಟ್ಟೆಗೆ ಬರುವ ಅಂಜಲ್ ಮೀನು ಬಹುಪಾಲು ಐಸಿನಲ್ಲಿಟ್ಟದ್ದು ಅಥವಾ ಹೊರಗಿನಿಂದ ಬಂದದ್ದು, ಬೆಲೆಯೂ ಹೆಚ್ಚು. ನಾಡದೋಣಿಯವರು ತಂದ ಮೀನೋ ಹೊಳೆಮೀನೋ ಇದೆಯಾ ಎಂದು ಕೇಳಿ.

ಜ್ವರದ ವಿಷಯ. 1990ರ ದಶಕದಿಂದ ಮಂಗಳೂರಿಗೆ ಮಲೇರಿಯಾದ ಹೆಸರು ಅಂಟಿಕೊಂಡಿದೆ. ರಾಜ್ಯದ ಪ್ರಕರಣಗಳಲ್ಲಿ ದೊಡ್ಡ ಪಾಲು ಇಲ್ಲಿಯದೇ ಆಗಿದ್ದ ವರ್ಷಗಳಿದ್ದವು. ಈಗ ಬಹಳ ಇಳಿದಿದೆ, ಆದರೆ ಪೂರ್ತಿ ಹೋಗಿಲ್ಲ. ಈ ಸೊಳ್ಳೆ ಕೊಳಕು ಚರಂಡಿಗಿಂತ ಶುದ್ಧ ನೀರು ಹುಡುಕುತ್ತದೆ. ತಾರಸಿಯ ಟ್ಯಾಂಕು, ಕಟ್ಟುತ್ತಿರುವ ಕಟ್ಟಡದಲ್ಲಿ ಕ್ಯೂರಿಂಗಿಗೆ ನಿಲ್ಲಿಸಿದ ನೀರು ಅದಕ್ಕೆ ಸಾಕು. ಹಾಗಾಗಿ ಕೋಣೆ ಸ್ವಚ್ಛವಾಗಿದೆ ಎಂದ ಮಾತ್ರಕ್ಕೆ ಸೊಳ್ಳೆಪರದೆ ಬೇಡ ಎನ್ನಬೇಡಿ. ಅದು ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಡೆಂಗಿಯ ಸೊಳ್ಳೆ ಹಗಲಿನಲ್ಲಿ. ಇಲ್ಲಿ ಹೆಚ್ಚು ಕಾಣುವ ವೈವ್ಯಾಕ್ಸ್ ಬಗೆಯ ಮಲೇರಿಯಾ ಕಚ್ಚಿದ ಎರಡು ವಾರದ ಹೊತ್ತಿಗೆ ತಲೆಯೆತ್ತುತ್ತದೆ, ಕೆಲವೊಮ್ಮೆ ತಿಂಗಳುಗಳ ನಂತರ. ಅಷ್ಟು ಹೊತ್ತಿಗೆ ನೀವು ರಾಯಚೂರಿನಲ್ಲೋ ಮೈಸೂರಿನಲ್ಲೋ ಇರುತ್ತೀರಿ, ಡಾಕ್ಟರು ವೈರಲ್ ಜ್ವರ ಎಂದು ಮಾತ್ರೆ ಕೊಡುತ್ತಾರೆ. ಚಳಿಜ್ವರ ಬಂದರೆ "ಹದಿನೈದು ದಿನದ ಹಿಂದೆ ಮಂಗಳೂರಿಗೆ ಹೋಗಿದ್ದೆ" ಎಂದು ನೀವೇ ಬಾಯಿಬಿಟ್ಟು ಹೇಳಿ ರಕ್ತಪರೀಕ್ಷೆ ಮಾಡಿಸಿ. ಮಾತ್ರೆ ಶುರುವಾದರೆ ಪೂರ್ತಿ ಹದಿನಾಲ್ಕು ದಿನದ ಕೋರ್ಸ್ ಮುಗಿಸಿ. ಯಕೃತ್ತಿನಲ್ಲಿ ಅಡಗಿ ಕೂತ ರೋಗಾಣು ಹೋಗುವುದು ಆಗಲೇ.

ಇನ್ನು ದಾರಿ ಕೇಳುವ ಕಷ್ಟ. ಬೋರ್ಡಿನಲ್ಲಿ ಅಂಬೇಡ್ಕರ್ ವೃತ್ತ ಎಂದಿರುವುದನ್ನು ಊರು ಜ್ಯೋತಿ ಎನ್ನುತ್ತದೆ, ಅಲ್ಲಿದ್ದ ಚಿತ್ರಮಂದಿರದ ಹೆಸರು ಅದು. ಮಹಾವೀರ ವೃತ್ತ ಎಲ್ಲರ ಬಾಯಲ್ಲಿ ಪಂಪ್‌ವೆಲ್. ಸ್ಟೇಟ್‌ಬ್ಯಾಂಕ್ ಎಂದರೆ ಸಿಟಿ ಬಸ್ಸುಗಳು ಹೊರಡುವ ನಿಲ್ದಾಣ. ಸರ್ಕಾರಿ ಬಸ್ಸುಗಳ ನಿಲ್ದಾಣ ಬಿಜೈಯಲ್ಲಿ, ಬೇರೆಯೇ ಜಾಗ. ಬೆಂಗಳೂರಿನ ಖಾಸಗಿ ಬಸ್ಸುಗಳು ಇವೆರಡೂ ಅಲ್ಲದೆ ತಮ್ಮ ತಮ್ಮ ಆಫೀಸಿನ ಎದುರು ನಿಲ್ಲುತ್ತವೆ. ಹತ್ತುವ ಜಾಗದ ಹೆಸರನ್ನು ಮಧ್ಯಾಹ್ನವೇ ಯಾರಿಗಾದರೂ ಓದಿ ಹೇಳಿ ಖಚಿತ ಮಾಡಿಕೊಳ್ಳಿ.

ಸಿಟಿ ಬಸ್ಸು ಸಮಯದ ಬೆನ್ನು ಹತ್ತಿ ಓಡುತ್ತದೆ. ಕಂಡಕ್ಟರ್ ಸೀಟಿ ಊದಿದರೆ ಹೊರಟಿತೆಂದೇ ಲೆಕ್ಕ. ಹಿರಿಯರು ಹತ್ತಿದ ಕೂಡಲೇ ಕಂಬ ಹಿಡಿದುಕೊಳ್ಳಬೇಕು. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಬಿದ್ದರೆ ನಿಂತವರು ಮುಂದಿನ ಬಾಗಿಲವರೆಗೆ ಬರುತ್ತಾರೆ. ರಾತ್ರಿ ಒಂಬತ್ತರ ಮೇಲೆ ಬಸ್ಸು ವಿರಳ. ಆಟೊಗೆ ಇಲ್ಲಿ ರಿಕ್ಷಾ ಎನ್ನುತ್ತಾರೆ, ಮೀಟರ್ ಹಾಕುವುದು ರೂಢಿಯಲ್ಲಿದೆ, ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು. ಮಾತಿನ ವಿಷಯ ಸೂಕ್ಷ್ಮ. ರಿಕ್ಷಾದವರು ತಮ್ಮೊಳಗೆ ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಮಾತಾಡುತ್ತಾರೆ, ಅದು ನಿಮ್ಮನ್ನು ದೂರವಿಡಲು ಅಲ್ಲ, ಅವರ ಮನೆಮಾತು ಅದು. ಕನ್ನಡ ಎಲ್ಲರಿಗೂ ಬರುತ್ತದೆ, ಆದರೆ ಇಲ್ಲಿಯ ಕನ್ನಡದಲ್ಲಿ ಅಪರಿಚಿತರಿಗೆ ಏಕವಚನವಿಲ್ಲ. ಬೇರೆ ಊರಿನಲ್ಲಿ ಸಲುಗೆಯಿಂದ ನಡೆಯುವ "ಬಾರೋ, ಹೋಗೋ" ಇಲ್ಲಿ ಚುಚ್ಚುತ್ತದೆ. "ಪಂಪ್‌ವೆಲ್‌ಗೆ ಬರ್ತೀರಾ ಅಣ್ಣ?" ಎಂದು ಕೇಳಿದರೆ ಸಾಕು, "ಬನ್ನಿ ಮಾರಾಯ್ರೆ" ಎಂಬ ಉತ್ತರ ಬರುತ್ತದೆ.

ರೈಲಿನವರು ಎಡವುವುದು ನಿಲ್ದಾಣದಲ್ಲಿ. ಮಂಗಳೂರು ಸೆಂಟ್ರಲ್ ಹಂಪನಕಟ್ಟೆಯ ಹತ್ತಿರ, ಊರಿನ ನಡುವೆ. ಮಂಗಳೂರು ಜಂಕ್ಷನ್ ಪಡೀಲ್‌ನಲ್ಲಿ, ಐದಾರು ಕಿಲೋಮೀಟರ್ ಆಚೆ. ಜಂಕ್ಷನ್ನಿನ ಹಳೆಯ ಹೆಸರು ಕಂಕನಾಡಿ. ಊರೊಳಗೆ ಕಂಕನಾಡಿ ಎಂಬ ಬೇರೆ ಜಾಗವೇ ಇದೆ, ಅಲ್ಲಿ ಸ್ಟೇಷನ್ ಇಲ್ಲ. ಕೊಂಕಣ ರೈಲ್ವೆಯ ದೂರದ ರೈಲುಗಳಲ್ಲಿ ಹಲವು ಸೆಂಟ್ರಲ್‌ಗೆ ಬರುವುದೇ ಇಲ್ಲ. ಮಳೆಗಾಲದ ಸಂಜೆ ಒಂದರಿಂದ ಇನ್ನೊಂದಕ್ಕೆ ಹೋಗಲು ಒಂದು ಗಂಟೆ ಇಟ್ಟುಕೊಳ್ಳಿ. ವಿಮಾನದವರಿಗೆ ಬೇರೆ ತಲೆನೋವು. ನಿಲ್ದಾಣ ಇರುವುದು ಗುಡ್ಡದ ನೆತ್ತಿ ಸಮತಟ್ಟು ಮಾಡಿದ ಜಾಗದಲ್ಲಿ, ರನ್‌ವೇಯ ತುದಿ ದಾಟಿದರೆ ಕಣಿವೆ. 2010ರ ಮೇ 22ರಂದು ವಿಮಾನವೊಂದು ಆ ಕಣಿವೆಗೆ ಉರುಳಿ 158 ಮಂದಿ ಹೋದ ದಿನವನ್ನು ಈ ಜಿಲ್ಲೆಯಲ್ಲಿ ಯಾರೂ ಮರೆಯಲಾರರು. ಮಳೆಮೋಡ ರನ್‌ವೇ ಮುಚ್ಚಿದಾಗ ಪೈಲಟ್ ಇಳಿಸದೆ ಬೆಂಗಳೂರಿಗೋ ಕೊಚ್ಚಿಗೋ ತಿರುಗಿಸಿದರೆ ಸಿಟ್ಟಾಗಬೇಡಿ, ಅದೇ ಸರಿಯಾದ ನಿರ್ಧಾರ.

ಊರಿಗೆ ಬರುವುದು ಹೋಗುವುದೆಲ್ಲ ಕೊನೆಗೆ ಘಟ್ಟದ ಕೈಯಲ್ಲಿದೆ. ಬೆಂಗಳೂರು ಕಡೆಗೆ ಶಿರಾಡಿ, ಚಿಕ್ಕಮಗಳೂರು ಕಡೆಗೆ ಚಾರ್ಮಾಡಿ, ಮಡಿಕೇರಿ ಕಡೆಗೆ ಸಂಪಾಜೆ. ಜುಲೈ-ಆಗಸ್ಟ್‌ನಲ್ಲಿ ಇವುಗಳಲ್ಲಿ ಒಂದಾದರೂ ಮುಚ್ಚದ ವರ್ಷ ಕಡಿಮೆ. ರೈಲಿನ ದಾರಿಯೂ ಹಾಗೆಯೇ: ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳು. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ, ಆಗಸ್ಟ್‌ನವರೆಗೂ ರೈಲು ನಿಂತಿತ್ತು. ಅದಕ್ಕೆ ಹತ್ತು ದಿನ ಮೊದಲು, ಜುಲೈ 16ರಂದು, ಉತ್ತರದ ಹೆದ್ದಾರಿಯಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು, ಚಹದಂಗಡಿಯವರು, ಲಾರಿ ಚಾಲಕರು ಮಣ್ಣಿನಡಿ, ಗಂಗಾವಳಿ ಹೊಳೆಯಲ್ಲಿ ಹೋದರು. ಪರೀಕ್ಷೆ, ಆಪರೇಷನ್ ದಿನಾಂಕ, ವಿದೇಶದ ವಿಮಾನ, ಏನೇ ಇದ್ದರೂ ಮಳೆಗಾಲದಲ್ಲಿ ಒಂದು ಪೂರ್ತಿ ದಿನ ಮೊದಲೇ ಊರು ಸೇರಿಕೊಳ್ಳಿ. ಹೊರಡುವ ಹಿಂದಿನ ರಾತ್ರಿ ಇಲ್ಲಿರುವ ಯಾರಿಗಾದರೂ ಫೋನ್ ಮಾಡಿ, ಯಾವ ಘಟ್ಟ ತೆರೆದಿದೆ ಎಂದು ಕೇಳಿ.

ಹೋದ ಮಳೆಗಾಲದಲ್ಲಿ ಭಾವನಿಂದ ರಾತ್ರಿ ಎಂಟಕ್ಕೆ ಫೋನ್ ಬಂತು. "ತಮ್ಮಾ, ಅಂಕೋಲಾ ಮ್ಯಾಲಿನ ರೋಡ ಛಲೋ ಐತೇನು? ಇಲ್ಲಾಂದ್ರ ಎರಡ ದಿನ ಬಿಟ್ಟ ಬರ್ತೀವಿ." ಅಲ್ಲಿ ಎರಡು ದಿನದಿಂದ ಬಿಡದೆ ಸುರಿಯುತ್ತಿದೆ, ಬಿಟ್ಟೇ ಬನ್ನಿ ಎಂದೆ. ಮೂರನೆಯ ದಿನ ಬಿಜೈಯಲ್ಲಿ ಬಸ್ಸಿಳಿದವರ ಕಾಲಲ್ಲಿ ಹೊಸ ರಬ್ಬರ್ ಚಪ್ಪಲಿ ಇತ್ತು, ಅಕ್ಕನ ಕೈಚೀಲದಲ್ಲಿ ಮಡಚಿದ ಸೊಳ್ಳೆಪರದೆ.